ಇಂಗ್ಲೆಂಡಿನ ಕುದುರೆದಾರಿಗಳು: ಅಳಿವು ಮತ್ತು ಮರುಹುಟ್ಟು

ಇಂಗ್ಲೆಂಡಿನ ಕಾನೂನು ಸಾರ್ವಜನಿಕ ದಾರಿಗಳನ್ನು ಹಿಂದಿನಿಂದಲೂ ಮೂರು ಬಗೆಯಾಗಿ ವಿಂಗಡಿಸುತ್ತ ಬಂದಿದೆ. ನಡೆದು ಹೋಗುವವರಿಗೆ ಮಾತ್ರ ಬಿಟ್ಟದ್ದು ಕಾಲುದಾರಿ. ನಡೆಯುವವರ ಜೊತೆಗೆ ಕುದುರೆ ಏರಿದವರೂ ಕುದುರೆಯನ್ನು ಹಿಡಿದು ನಡೆಸುವವರೂ ಹೋಗಬಹುದಾದದ್ದು ‘ಬ್ರೈಡಲ್‌ವೇ’, ಅಂದರೆ ಕುದುರೆದಾರಿ. ಗಾಡಿಗಳಿಗೂ ತೆರೆದಿರುವುದು ಬಂಡಿದಾರಿ. ಈ ದಾರಿಗಳಲ್ಲಿ ಬಹುಪಾಲು ಖಾಸಗಿ ಹೊಲ, ಹುಲ್ಲುಗಾವಲು, ತೋಪುಗಳ ನಡುವೆ ಹಾದುಹೋಗುತ್ತವೆ. ನೆಲ ಒಡೆಯನದು, ಅದರ ಮೇಲೆ ಹಾದುಹೋಗುವ ಹಕ್ಕು ಎಲ್ಲರದು. ಒಮ್ಮೆ ಸಾರ್ವಜನಿಕವಾದ ದಾರಿಯನ್ನು ಕಾನೂನುಬದ್ಧವಾಗಿ ಮುಚ್ಚದ ಹೊರತು ಅದು ಎಂದೆಂದಿಗೂ ಸಾರ್ವಜನಿಕವೇ ಎಂಬುದು ಅಲ್ಲಿನ ನ್ಯಾಯದ ಹಳೆಯ ತತ್ತ್ವ. ನೂರು ವರ್ಷ ಯಾರೂ ತುಳಿಯದೆ ಮುಳ್ಳು ಬೆಳೆದರೂ ಹಕ್ಕು ಸಾಯುವುದಿಲ್ಲ.

ಇಂದು ಇಂಗ್ಲೆಂಡಿನಲ್ಲಿ ದಾಖಲಾಗಿರುವ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 1,88,000 ಕಿಲೋಮೀಟರ್. ಅದರಲ್ಲಿ ಕುದುರೆದಾರಿಗಳ ಪಾಲು ಸುಮಾರು 32,000 ಕಿಲೋಮೀಟರ್. ಕುದುರೆಗೆ ಅವಕಾಶವಿರುವ ಬಂಡಿದಾರಿಗಳನ್ನು ಸೇರಿಸಿದರೂ ಸವಾರರಿಗೆ ತೆರೆದಿರುವುದು ಇಡೀ ಜಾಲದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ನೂರಾರು ವರ್ಷ ಕುದುರೆಯ ಬೆನ್ನ ಮೇಲೆಯೇ ಬದುಕಿದ ನಾಡಿನಲ್ಲಿ ಈ ಪ್ರಮಾಣ ಇಷ್ಟು ಕಡಿಮೆಯಾದದ್ದು ಹೇಗೆ, ಅದನ್ನು ಮತ್ತೆ ಹಿಗ್ಗಿಸಲು ಸವಾರರು, ಹಳ್ಳಿಯವರು, ರೈತರು ಮತ್ತು ಉದ್ಯಾನ ಮಂಡಳಿಗಳು ಹೇಗೆ ಕೈಜೋಡಿಸಿದರು ಎಂಬುದೇ ಈ ದಾರಿಗಳ ಚರಿತ್ರೆ.

ಹೇರುಗುದುರೆಗಳ ಕಾಲ

ಉತ್ತರ ಇಂಗ್ಲೆಂಡಿನ ಬೆನ್ನೆಲುಬಿನಂತೆ ಉದ್ದಕ್ಕೂ ಹಬ್ಬಿರುವುದು ಪೆನ್ನೈನ್ ಬೆಟ್ಟಸಾಲು. ಒಂದು ಮಗ್ಗುಲಲ್ಲಿ ಲ್ಯಾಂಕಾಶೈರ್, ಇನ್ನೊಂದು ಮಗ್ಗುಲಲ್ಲಿ ಯಾರ್ಕ್‌ಶೈರ್. ಇಲ್ಲಿನ ನೆಲ ಜೌಗು, ಕಣಿವೆಗಳು ಇಕ್ಕಟ್ಟು, ಮಳೆ ಹೆಚ್ಚು. ಚಕ್ರದ ಗಾಡಿ ಹೂತುಹೋಗುವ ಈ ಸೀಮೆಯಲ್ಲಿ ಹದಿನೆಂಟನೆಯ ಶತಮಾನದವರೆಗೂ ಸರಕು ಸಾಗಿದ್ದು ಹೇರುಗುದುರೆಗಳ ಮೇಲೆ. ಗಿಡ್ಡ ಮೈಕಟ್ಟಿನ ಗಟ್ಟಿ ತಟ್ಟುಗಳು ಒಂದರ ಹಿಂದೆ ಒಂದು ಸಾಲಾಗಿ ನಡೆಯುತ್ತಿದ್ದವು. ಒಂದು ಸಾಲಿನಲ್ಲಿ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ಕುದುರೆಗಳು. ಪ್ರತಿಯೊಂದರ ಬೆನ್ನಿನ ಎರಡೂ ಕಡೆ ಜೋತುಬಿದ್ದ ಹೇರು, ಒಟ್ಟು ನೂರು ಕಿಲೋಗೂ ಮಿಕ್ಕಿ ಭಾರ. ಮುಂದಿನ ಕುದುರೆಯ ಕೊರಳಿಗೆ ಗಂಟೆಗಳ ಸರ. ಮಂಜು ಮುಸುಕಿದಾಗ ಹಿಂದಿನ ಕುದುರೆಗಳಿಗೆ ಅದೇ ದಿಕ್ಕು ತೋರುತ್ತಿತ್ತು. ಇಕ್ಕಟ್ಟಿನ ದಾರಿಯಲ್ಲಿ ಎದುರಿನಿಂದ ಬರುವವರಿಗೆ ಎಚ್ಚರಿಕೆಯೂ ಅದೇ.

ಚೆಷೈರಿನಿಂದ ಉಪ್ಪು, ಕ್ಲಿದರೋ ಕಡೆಯಿಂದ ಸುಣ್ಣ, ಗಣಿಗಳಿಂದ ಕಲ್ಲಿದ್ದಲು, ಹಳ್ಳಿಯ ನೇಕಾರರ ಮನೆಗಳಿಗೆ ಉಣ್ಣೆ, ಅಲ್ಲಿಂದ ಸಂತೆಗೆ ಬಟ್ಟೆ, ಎಲ್ಲವೂ ಹೀಗೆಯೇ ಸಾಗುತ್ತಿದ್ದವು. ಬೆಟ್ಟದ ಹುಳಿ ಮಣ್ಣನ್ನು ಹದಕ್ಕೆ ತರಲು ರೈತರಿಗೆ ಸುಣ್ಣ ಬೇಕಾಗಿತ್ತು. ಅದನ್ನು ಹೊತ್ತ ಕುದುರೆಗಳು ತುಳಿದು ಮಾಡಿದ ಲೈಮರ್ಸ್‌ಗೇಟ್ ಎಂಬ ದಾರಿ ರಾಸೆಂಡೇಲ್ ಬೆಟ್ಟಗಳಲ್ಲಿ ಈಗಲೂ ಇದೆ. 1779ರಲ್ಲಿ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ ಕೈಮಗ್ಗದ ಬಟ್ಟೆಯ ವ್ಯಾಪಾರಕ್ಕೆಂದೇ ಪೀಸ್ ಹಾಲ್ ಎಂಬ ಭವ್ಯ ಕಟ್ಟಡ ತಲೆಯೆತ್ತಿತು. ಸುತ್ತಲಿನ ಬೆಟ್ಟದ ಊರುಗಳು ಅದರ ಅಂಗಳದೊಂದಿಗೆ ಬೆಸೆದುಕೊಂಡಿದ್ದು ಈ ದಾರಿಗಳ ಮೂಲಕವೇ.

ಜೌಗು ಇರುವಲ್ಲಿ ಒಂದೇ ಸಾಲಿನಲ್ಲಿ ಚಪ್ಪಡಿ ಕಲ್ಲು ಹಾಸುತ್ತಿದ್ದರು. ಗೊರಸುಗಳ ತುಳಿತಕ್ಕೆ ನಡುವೆ ಬೋಗುಣಿಯಂತೆ ಸವೆದ ಆ ಚಪ್ಪಡಿಗಳು ಇಂದಿಗೂ ಹಲವೆಡೆ ಕಾಣಸಿಗುತ್ತವೆ. ಹಳ್ಳ ದಾಟಲು ಕಟ್ಟಿದ ಒಂಟಿ ಕಮಾನಿನ ಸೇತುವೆಗಳ ಅಗಲ ಒಂದು ಕುದುರೆಗೆ ಸಾಕಾಗುವಷ್ಟು ಮಾತ್ರ. ಪಕ್ಕದ ಗೋಡೆಗಳನ್ನು ಬೇಕೆಂದೇ ಗಿಡ್ಡದಾಗಿ ಕಟ್ಟುತ್ತಿದ್ದರು, ಅಥವಾ ಕಟ್ಟುತ್ತಲೇ ಇರಲಿಲ್ಲ. ಎತ್ತರದ ಗೋಡೆಯಿದ್ದರೆ ಎರಡೂ ಬದಿಗೆ ಜೋತುಬಿದ್ದ ಹೇರು ಅದಕ್ಕೆ ಉಜ್ಜಿ ಕುದುರೆ ಮುಗ್ಗರಿಸುತ್ತಿತ್ತು.

ಬೇಲಿ, ಸುಂಕದ ರಸ್ತೆ, ರೈಲು

ಹದಿನೆಂಟನೆಯ ಶತಮಾನದ ನಡುವಿನಿಂದ ಈ ಲೋಕ ಬದಲಾಗತೊಡಗಿತು. ಸುಂಕ ವಸೂಲಿ ಮಾಡಿ ರಸ್ತೆ ಕಟ್ಟುವ ಟರ್ನ್‌ಪೈಕ್ ಟ್ರಸ್ಟ್‌ಗಳು ದೇಶದ ತುಂಬ ಹುಟ್ಟಿಕೊಂಡವು. 1830ರ ದಶಕದ ಹೊತ್ತಿಗೆ ಅವುಗಳ ಸಂಖ್ಯೆ ಸಾವಿರದ ಸುಮಾರಿಗೆ ಮುಟ್ಟಿತ್ತು. ಹೊಸ ರಸ್ತೆಗಳು ಬೆಟ್ಟದ ನೆತ್ತಿ ಬಿಟ್ಟು ಕಣಿವೆಯ ತಳ ಹಿಡಿದವು. 1804ರಲ್ಲಿ ರಾಚ್‌ಡೇಲ್ ಕಾಲುವೆ, 1816ರಲ್ಲಿ ಲೀಡ್ಸ್–ಲಿವರ್‌ಪೂಲ್ ಕಾಲುವೆ ಪೂರ್ಣಗೊಂಡವು. 1841ರಲ್ಲಿ ಮ್ಯಾಂಚೆಸ್ಟರ್ ಮತ್ತು ಲೀಡ್ಸ್ ನಡುವೆ ರೈಲು ಓಡಿತು. ಒಂದು ದೋಣಿಯೋ ಒಂದು ರೈಲೋ ಒಯ್ಯುವ ಸರಕಿಗೆ ನೂರಾರು ಕುದುರೆಗಳು ಬೇಕಾಗುತ್ತಿದ್ದವು. ಹೇರುಗುದುರೆಗಳ ಕಸುಬು ಮೂರು ತಲೆಮಾರಿನೊಳಗೆ ಮುಗಿದುಹೋಯಿತು. ಬೆಟ್ಟದ ಮೇಲಿನ ದಾರಿಗಳು ಕುರಿಗಾಹಿಗಳಿಗೆ, ಅಂಚೆಯವರಿಗೆ, ಹೊಲದ ಕೆಲಸಕ್ಕೆ ಹೋಗುವವರಿಗೆ ಉಳಿದವು.

ಇದೇ ಕಾಲದಲ್ಲಿ ಬೇಲಿಯ ಕಾಯಿದೆಗಳು ಬಂದವು. ಊರಿನವರೆಲ್ಲ ಹಂಚಿಕೊಂಡು ಉಳುತ್ತಿದ್ದ ಬಯಲುಗಳನ್ನೂ ದನಕರು ಮೇಯಿಸುತ್ತಿದ್ದ ಗೋಮಾಳಗಳನ್ನೂ ಸಂಸತ್ತಿನ ಒಪ್ಪಿಗೆಯಿಂದ ಪಾಲು ಮಾಡಿ ಖಾಸಗಿಯವರಿಗೆ ಕೊಡಲಾಯಿತು. ಬಡವರ ಪಾಲಿಗೆ ಇದು ದೊಡ್ಡ ನಷ್ಟ. ಆದರೆ ದಾರಿಗಳ ಮಟ್ಟಿಗೆ ಈ ಪ್ರಕ್ರಿಯೆ ಅಮೂಲ್ಯ ದಾಖಲೆಯನ್ನೂ ಬಿಟ್ಟುಹೋಯಿತು. ಪಾಲು ಮಾಡಲು ನೇಮಕವಾದ ಕಮಿಷನರುಗಳು ಯಾವ ದಾರಿ ಸಾರ್ವಜನಿಕ ಬಂಡಿದಾರಿ, ಯಾವುದು ಕುದುರೆದಾರಿ, ಯಾವುದು ಕಾಲುದಾರಿ, ಪ್ರತಿಯೊಂದರ ಅಗಲ ಎಷ್ಟು ಎಂದು ತೀರ್ಪುಪತ್ರದಲ್ಲಿ ಬರೆದು ನಕ್ಷೆ ಲಗತ್ತಿಸಿದರು. ಇನ್ನೂರು ವರ್ಷಗಳ ಬಳಿಕ ಕುದುರೆ ಸವಾರರಿಗೆ ಈ ಕಾಗದಗಳೇ ಆಸರೆಯಾದವು.

ದಾರಿಗಳನ್ನು ಮುಚ್ಚುವುದೂ ಸುಲಭವಾಗಿತ್ತು. 1815ರ ಕಾಯಿದೆಯ ಪ್ರಕಾರ ಇಬ್ಬರು ಮ್ಯಾಜಿಸ್ಟ್ರೇಟರು ಒಂದು ದಾರಿ ‘ಅನಗತ್ಯ’ ಎಂದು ಆದೇಶಿಸಿದರೆ ಅದನ್ನು ಮುಚ್ಚಬಹುದಾಗಿತ್ತು. ಆ ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಭೂಮಾಲೀಕರ ವರ್ಗದವರೇ. ಇದರ ವಿರುದ್ಧ ಕಾರ್ಖಾನೆ ಪಟ್ಟಣಗಳ ಜನ ಎದ್ದರು. 1826ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪುರಾತನ ಕಾಲುದಾರಿಗಳ ರಕ್ಷಣೆಗೆ ಸಂಘ ಹುಟ್ಟಿತು. 1865ರಲ್ಲಿ ಲಂಡನ್ನಿನಲ್ಲಿ ಗೋಮಾಳಗಳ ರಕ್ಷಣಾ ಸಂಘ ಬಂತು. 1932ರ ಏಪ್ರಿಲ್ 24ರಂದು ನೂರಾರು ಕಾರ್ಮಿಕ ಯುವಕರು ಖಾಸಗಿ ಬೇಟೆಯ ನೆಲವಾಗಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ನಿಷೇಧ ಮೀರಿ ಏರಿದರು. ಅದೇ ವರ್ಷ ಬಂದ ದಾರಿಹಕ್ಕುಗಳ ಕಾಯಿದೆಯು ಇಪ್ಪತ್ತು ವರ್ಷ ಜನ ಅಡ್ಡಿಯಿಲ್ಲದೆ ಬಳಸಿದ ದಾರಿಯನ್ನು ಸಾರ್ವಜನಿಕವೆಂದೇ ಭಾವಿಸಬೇಕು ಎಂದಿತು. ಈ ಹೋರಾಟಗಳೆಲ್ಲ ಬಹುಪಾಲು ನಡೆಯುವವರವು. ಕುದುರೆಯವರ ಪರವಾಗಿ ಮಾತನಾಡುವ ಸಂಘಟಿತ ದನಿ ಆಗಿನ್ನೂ ಇರಲಿಲ್ಲ.

1949ರ ನಕ್ಷೆ

ಎರಡನೆಯ ಮಹಾಯುದ್ಧದ ನಂತರ ಬಂದ 1949ರ ಕಾಯಿದೆ ಎರಡು ದೊಡ್ಡ ಕೆಲಸ ಮಾಡಿತು. ರಾಷ್ಟ್ರೀಯ ಉದ್ಯಾನಗಳನ್ನು ಸ್ಥಾಪಿಸಲು ಅದು ದಾರಿ ತೆರೆಯಿತು, ಮತ್ತು ಸಾರ್ವಜನಿಕ ದಾರಿಗಳನ್ನೆಲ್ಲ ಸಮೀಕ್ಷೆ ಮಾಡಿ ನಕ್ಷೆಗೆ ಇಳಿಸುವಂತೆ ಕೌಂಟಿ ಕೌನ್ಸಿಲ್‌ಗಳಿಗೆ ಕಡ್ಡಾಯ ಮಾಡಿತು. ಇಂಗ್ಲೆಂಡಿನ ರಾಷ್ಟ್ರೀಯ ಉದ್ಯಾನಗಳು ಬಂಡೀಪುರ, ನಾಗರಹೊಳೆಗಳಂತೆ ಸರ್ಕಾರಿ ಕಾಡುಗಳಲ್ಲ. ಅಲ್ಲಿ ಊರುಗಳಿವೆ, ಹೊಲಗಳಿವೆ, ನೆಲ ಬಹುಪಾಲು ಖಾಸಗಿಯದು. ಆದ್ದರಿಂದ ಅಲ್ಲಿನ ಉದ್ಯಾನ ಮಂಡಳಿ ಏನು ಮಾಡಬೇಕಾದರೂ ರೈತರೊಂದಿಗೂ ಊರಿನವರೊಂದಿಗೂ ಕೂತು ಮಾತನಾಡಿಯೇ ಮಾಡಬೇಕು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಮೊದಲ ರಾಷ್ಟ್ರೀಯ ಉದ್ಯಾನವಾಯಿತು.

ಸಮೀಕ್ಷೆಯ ಭಾರ ಹೊತ್ತವರು ಪ್ಯಾರಿಷ್ ಕೌನ್ಸಿಲ್‌ಗಳು, ಅಂದರೆ ಹಳ್ಳಿ ಮಟ್ಟದ ಪಂಚಾಯಿತಿಗಳು. ಊರಿನ ಹಿರಿಯರು, ಶಾಲಾ ಮಾಸ್ತರರು, ರೈತರು ದಾರಿ ನಡೆದು ನೋಡಿ ನಮೂನೆಗಳನ್ನು ತುಂಬಿದರು. ಅದರ ಮೇಲೆ ಕರಡು ನಕ್ಷೆ, ಆಕ್ಷೇಪಣೆ, ತಾತ್ಕಾಲಿಕ ನಕ್ಷೆ, ಕೊನೆಗೆ ಅಂತಿಮ ನಕ್ಷೆ. ಅಂತಿಮ ನಕ್ಷೆಯಲ್ಲಿ ತೋರಿಸಿದ ದಾರಿಯ ಹಕ್ಕಿಗೆ ಆ ನಕ್ಷೆಯೇ ನಿರ್ಣಾಯಕ ಸಾಕ್ಷಿ. ಜನಸಾಮಾನ್ಯರ ಹಕ್ಕಿಗೆ ಇಷ್ಟು ಗಟ್ಟಿಯಾದ ದಾಖಲೆ ಹಿಂದೆಂದೂ ಸಿಕ್ಕಿರಲಿಲ್ಲ.

ಕುದುರೆದಾರಿಗಳಿಗೆ ಮಾತ್ರ ಈ ಸಮೀಕ್ಷೆ ಬಂದ ಕಾಲ ಪ್ರತಿಕೂಲವಾಗಿತ್ತು. 1950ರ ದಶಕದ ಆದಿಯಲ್ಲಿ ಹಳ್ಳಿಗಳಲ್ಲಿ ಕುದುರೆಗಳು ವೇಗವಾಗಿ ಮಾಯವಾಗುತ್ತಿದ್ದವು. ಹೊಲಕ್ಕೆ ಟ್ರ್ಯಾಕ್ಟರ್ ಬಂದಿತ್ತು, ರಸ್ತೆಗೆ ಮೋಟಾರು ಬಂದಿತ್ತು. ಸಮೀಕ್ಷೆಯವರು ಕಣ್ಣಿಗೆ ಕಂಡದ್ದನ್ನು ಬರೆದರು. ಜನ ನಡೆಯುತ್ತಿದ್ದರೆ ಅದು ಕಾಲುದಾರಿ. ಅಲ್ಲಿ ಇನ್ನೂರು ವರ್ಷ ಕುದುರೆಗಳು ಓಡಾಡಿದ್ದನ್ನು ನೆನಪಿಸುವವರು ಇರಲಿಲ್ಲ, ಹಳೆಯ ತೀರ್ಪುಪತ್ರಗಳನ್ನು ತೆಗೆದು ನೋಡುವ ಪುರುಸೊತ್ತೂ ಇರಲಿಲ್ಲ. ಎಷ್ಟೋ ಕುದುರೆದಾರಿಗಳು ಕಾಲುದಾರಿಗಳೆಂದು ದಾಖಲಾದವು, ಎಷ್ಟೋ ದಾಖಲಾಗಲೇ ಇಲ್ಲ. ಪಕ್ಕದ ಪ್ಯಾರಿಷ್‌ನವರು ಬೇರೆ ಬಗೆಯಲ್ಲಿ ಬರೆದದ್ದರಿಂದ ಒಂದೇ ದಾರಿ ಗಡಿಯ ಈಚೆ ಕುದುರೆದಾರಿ, ಆಚೆ ಕಾಲುದಾರಿ ಆದದ್ದೂ ಉಂಟು. ಅಂಥಲ್ಲಿ ಸವಾರ ಗಡಿಯವರೆಗೆ ಹೋಗಿ ಹಿಂದಿರುಗಬೇಕಾಯಿತು. ಕುದುರೆದಾರಿಗಳ ಜಾಲ ಹೀಗೆ ತುಂಡುತುಂಡಾಯಿತು.

ಸಂಘಟನೆ ಮತ್ತು ಮೊದಲ ಗೆಲುವುಗಳು

ದುಡಿಮೆಯ ಕುದುರೆ ಮರೆಯಾದ ಹೊತ್ತಿನಲ್ಲೇ ಹವ್ಯಾಸದ ಸವಾರಿ ಬೆಳೆಯತೊಡಗಿತು. ಮಕ್ಕಳಿಗೆ ಸವಾರಿ ಕಲಿಸುವ ಪೋನಿ ಕ್ಲಬ್ 1929ರಲ್ಲೇ ಆರಂಭವಾಗಿತ್ತು. 1947ರಲ್ಲಿ ಎರಡು ಹಳೆಯ ಸಂಸ್ಥೆಗಳು ಒಂದಾಗಿ ಬ್ರಿಟಿಷ್ ಹಾರ್ಸ್ ಸೊಸೈಟಿ ರೂಪುಗೊಂಡಿತು. ಕುದುರೆಗಳ ಯೋಗಕ್ಷೇಮ ಮತ್ತು ಸವಾರಿ ಶಿಕ್ಷಣದ ಜೊತೆಗೆ ದಾರಿಗಳ ರಕ್ಷಣೆಯೂ ಕ್ರಮೇಣ ಅದರ ಮುಖ್ಯ ಕೆಲಸವಾಯಿತು. ಊರೂರುಗಳಲ್ಲಿ ಸ್ವಯಂಸೇವಕರು ದಾರಿಗಳ ಹೊಣೆ ಹೊತ್ತರು, ಸ್ಥಳೀಯ ಕುದುರೆದಾರಿ ಸಂಘಗಳು ಹುಟ್ಟಿದವು. ರಸ್ತೆಯಲ್ಲಿ ಕಾರು, ಲಾರಿಗಳ ವೇಗ ಹೆಚ್ಚಿದಂತೆ ಡಾಂಬರು ಬಿಟ್ಟ ದಾರಿ ಸವಾರರಿಗೆ ಜೀವರಕ್ಷಣೆಯ ಪ್ರಶ್ನೆಯೇ ಆಯಿತು.

1968ರ ಗ್ರಾಮಾಂತರ ಕಾಯಿದೆ ಕುದುರೆದಾರಿಗಳಲ್ಲಿ ಸೈಕಲ್ಲಿಗೂ ಅವಕಾಶ ಕೊಟ್ಟಿತು. ಸೈಕಲ್ಲಿನವರು ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು ಎಂಬುದು ಅದರ ಷರತ್ತು. ಕುದುರೆದಾರಿಯ ಪರವಾಗಿ ಕೇಳುವವರ ಬಳಗ ಇದರಿಂದ ದೊಡ್ಡದಾಯಿತು. 1972ರಲ್ಲಿ ದಕ್ಷಿಣದ ಸುಣ್ಣಕಲ್ಲಿನ ದಿಬ್ಬಗಳ ಮೇಲೆ ಸೌತ್ ಡೌನ್ಸ್ ವೇ ತೆರೆಯಿತು. ಕುದುರೆಯ ಮೇಲೆ ಉದ್ದಕ್ಕೂ ಸಾಗಬಹುದಾದ ಮೊದಲ ರಾಷ್ಟ್ರೀಯ ದೂರದಾರಿ ಅದು. ಮುಂದೆ ವಿಂಚೆಸ್ಟರಿನವರೆಗೆ ಬೆಳೆದು ಅದರ ಉದ್ದ 160 ಕಿಲೋಮೀಟರ್ ಆಯಿತು.

ಉದ್ಯಾನ ಮಂಡಳಿಯೊಂದು ತಾನಾಗಿ ಮುಂದೆ ಬಂದ ಉದಾಹರಣೆ ಪೀಕ್ ಡಿಸ್ಟ್ರಿಕ್ಟಿನದು. ಅಲ್ಲಿನ ಆಶ್‌ಬೋರ್ನ್–ಬಕ್ಸ್‌ಟನ್ ಮಾರ್ಗ ಮತ್ತು ಇನ್ನೂ ಹಳೆಯದಾದ ಕ್ರಾಮ್‌ಫರ್ಡ್–ಹೈ ಪೀಕ್ ಮಾರ್ಗ, ಎರಡೂ ರೈಲು ಹಳಿಗಳು 1967ರ ಹೊತ್ತಿಗೆ ಮುಚ್ಚಿದ್ದವು. ಎರಡನೆಯದು 1830ರ ಆಸುಪಾಸಿನದು. ಮಿಡಲ್‌ಟನ್ ಟಾಪ್ ಎಂಬಲ್ಲಿ 1829ರಲ್ಲಿ ಸ್ಥಾಪಿಸಿದ ಉಗಿಯಂತ್ರ ಸರಕಿನ ಬಂಡಿಗಳನ್ನು ಕಡಿದಾದ ಇಳಿಜಾರಿನಲ್ಲಿ ಮೇಲಕ್ಕೆ ಎಳೆಯುತ್ತಿತ್ತು. ಉದ್ಯಾನ ಮಂಡಳಿ ಮೊದಲ ಮಾರ್ಗವನ್ನು ಕೊಂಡು ಮೇಲ್ಮೈ ಸಮ ಮಾಡಿ 1971ರಲ್ಲಿ ಟಿಸ್ಸಿಂಗ್‌ಟನ್ ಟ್ರೇಲ್ ಎಂದು ತೆರೆಯಿತು. ಅದೇ ವರ್ಷ ಇನ್ನೊಂದು ಮಾರ್ಗವನ್ನು ಮಂಡಳಿ ಮತ್ತು ಡರ್ಬಿಶೈರ್ ಕೌಂಟಿ ಕೌನ್ಸಿಲ್ ಕೊಂಡುಕೊಂಡವು. ಅದು ಹೈ ಪೀಕ್ ಟ್ರೇಲ್ ಆಯಿತು. ನಡೆಯುವವರು, ಸೈಕಲ್ಲಿನವರು, ಸವಾರರು ಒಂದೇ ದಾರಿಯಲ್ಲಿ ಹೊಂದಿಕೊಂಡು ಹೋಗಬಹುದು ಎಂಬುದನ್ನು ಈ ಎರಡು ದಾರಿಗಳು ದೇಶಕ್ಕೆ ತೋರಿಸಿಕೊಟ್ಟವು.

ಪೆನ್ನೈನ್ ಬ್ರೈಡಲ್‌ವೇ

ಪೆನ್ನೈನ್ ಬೆಟ್ಟಸಾಲಿನ ಮೇಲೆ 1965ರಲ್ಲಿ ಪೆನ್ನೈನ್ ವೇ ತೆರೆದಿತ್ತು. ಅದು ನಡೆಯುವವರ ದಾರಿ, ಅದರ ಬಹುಭಾಗದಲ್ಲಿ ಕುದುರೆಗೆ ಅವಕಾಶವಿರಲಿಲ್ಲ. ಹೇರುಗುದುರೆಗಳೇ ತುಳಿದು ಮಾಡಿದ ಬೆಟ್ಟಗಳಲ್ಲಿ ಕುದುರೆಗೆ ಜಾಗವಿಲ್ಲದ್ದು ಬರ್ನ್‌ಲಿ ಸಮೀಪದ ಮೇರಿ ಟೌನ್ಲಿ ಎಂಬ ಸವಾರ ಮಹಿಳೆಯನ್ನು ಕಾಡಿತು. 1986ರಲ್ಲಿ ಅವರು ಇಬ್ಬರು ಗೆಳತಿಯರೊಂದಿಗೆ ಉತ್ತರದ ನಾರ್ಥಂಬರ್‌ಲ್ಯಾಂಡಿನಿಂದ ಡರ್ಬಿಶೈರಿನ ಆಶ್‌ಬೋರ್ನ್‌ವರೆಗೆ, ಸುಮಾರು 400 ಕಿಲೋಮೀಟರ್, ಕುದುರೆಯ ಮೇಲೆ ಸಾಗಿದರು. ಹಳೆಯ ಕುದುರೆದಾರಿಗಳು ಯಾವ ಸ್ಥಿತಿಗೆ ಬಂದಿವೆ ಎಂಬುದನ್ನು ಜನರ ಕಣ್ಣಿಗೆ ಕಾಣಿಸುವುದೇ ಆ ಸವಾರಿಯ ಉದ್ದೇಶ.

ಗ್ರಾಮಾಂತರ ಆಯೋಗ ಈ ವಿಚಾರವನ್ನು ಕೈಗೆತ್ತಿಕೊಂಡಿತು. ಮೊದಲಿನಿಂದಲೂ ಸವಾರರಿಗೆಂದೇ ಯೋಜಿಸಿದ, ಸೈಕಲ್ಲಿನವರಿಗೂ ನಡೆಯುವವರಿಗೂ ತೆರೆದ ರಾಷ್ಟ್ರೀಯ ದಾರಿಯ ಪ್ರಸ್ತಾವಕ್ಕೆ 1995ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ಕಾಗದದ ಒಪ್ಪಿಗೆಯಿಂದ ನೆಲದ ಮೇಲಿನ ದಾರಿಯವರೆಗೆ ಇನ್ನೂ ವರ್ಷಗಳ ಕೆಲಸವಿತ್ತು. ಇರುವ ಕುದುರೆದಾರಿಗಳ ತುಂಡುಗಳನ್ನು ಜೋಡಿಸಬೇಕು, ನಡುವಿನ ಕಾಲುದಾರಿಗಳಿಗೆ ಕುದುರೆಯ ಹಕ್ಕು ಸೇರಿಸಬೇಕು, ದಾರಿಯೇ ಇಲ್ಲದಲ್ಲಿ ಹೊಸದನ್ನು ಬಿಡಿಸಬೇಕು. 1980ರ ಹೆದ್ದಾರಿ ಕಾಯಿದೆ ಇದಕ್ಕೆ ಎರಡು ಮಾರ್ಗ ಕೊಟ್ಟಿತ್ತು. ಒಂದು, ಭೂಮಾಲೀಕರೊಂದಿಗೆ ಒಪ್ಪಂದ. ಇನ್ನೊಂದು, ಒಪ್ಪಂದ ಸಾಧ್ಯವಾಗದಿದ್ದಾಗ ಪರಿಹಾರ ಕೊಟ್ಟು ಆದೇಶದ ಮೂಲಕ ದಾರಿ ಮಾಡುವುದು. ಕೌನ್ಸಿಲ್‌ಗಳು, ಪೀಕ್ ಡಿಸ್ಟ್ರಿಕ್ಟ್ ಮತ್ತು ಯಾರ್ಕ್‌ಶೈರ್ ಡೇಲ್ಸ್ ಉದ್ಯಾನ ಮಂಡಳಿಗಳು, ಬೆಟ್ಟದ ರೈತರು, ಜಲಾಶಯಗಳ ಸುತ್ತ ವಿಶಾಲ ಬಯಲು ಹೊಂದಿದ ನೀರು ಸರಬರಾಜು ಕಂಪನಿಗಳು, ಇವರೆಲ್ಲರೊಂದಿಗೆ ಹೊಲ ಹೊಲಕ್ಕೂ ಮಾತುಕತೆ ನಡೆಯಿತು.

ಟೌನ್ಲಿ 2001ರಲ್ಲಿ ತೀರಿಕೊಂಡರು. ಕಾಲುಬಾಯಿ ಜ್ವರ ಹರಡಿ ದೇಶದ ಬಹುಪಾಲು ದಾರಿಗಳನ್ನು ತಿಂಗಳುಗಟ್ಟಲೆ ಮುಚ್ಚಿದ್ದ ವರ್ಷವೂ ಅದೇ. ಮರುವರ್ಷ ರಾಸೆಂಡೇಲ್, ರಾಚ್‌ಡೇಲ್, ಕಾಲ್ಡರ್‌ಡೇಲ್ ಬೆಟ್ಟಗಳನ್ನು ಸುತ್ತುವ 76 ಕಿಲೋಮೀಟರ್ ಉದ್ದದ ವೃತ್ತದಾರಿ ತೆರೆಯಿತು. ಅದಕ್ಕೆ ಅವರ ಹೆಸರನ್ನೇ ಇಟ್ಟು ಮೇರಿ ಟೌನ್ಲಿ ಲೂಪ್ ಎಂದು ಕರೆದರು. 2004ರಲ್ಲಿ ದಕ್ಷಿಣ ಭಾಗ ಸಿದ್ಧವಾಯಿತು. 2012ರ ಹೊತ್ತಿಗೆ ಡರ್ಬಿಶೈರಿನ ಮಿಡಲ್‌ಟನ್ ಟಾಪ್‌ನಿಂದ ಕಂಬ್ರಿಯಾದ ರೇವನ್‌ಸ್ಟನ್‌ಡೇಲ್ ಸೀಮೆಯವರೆಗೆ 330 ಕಿಲೋಮೀಟರ್ ದಾರಿ ಪೂರ್ಣಗೊಂಡಿತು. ಉಗಿಯಂತ್ರದ ಹಳೆಯ ಮನೆಯ ಬಳಿ ಹೈ ಪೀಕ್ ಟ್ರೇಲ್ ಹಿಡಿದು ಹೊರಡುವ ಸವಾರ, ರೈಲಿನ ಹಾದಿ, ಹೇರುಗುದುರೆಯ ಹಾದಿ, ದನ ಹೊಡೆದುಕೊಂಡು ಹೋಗುತ್ತಿದ್ದ ಹಸಿರು ಹಾದಿಗಳನ್ನು ಒಂದಾದ ಮೇಲೊಂದು ದಾಟುತ್ತ ಉತ್ತರಕ್ಕೆ ಸಾಗುತ್ತಾನೆ.

ಗೇಟು, ಸೇತುವೆ, ನೆಲ

ಕುದುರೆದಾರಿಯ ಗುಣ ನಿರ್ಧಾರವಾಗುವುದು ಸಣ್ಣ ಸಂಗತಿಗಳಲ್ಲಿ. ಕಾಲುದಾರಿಯಲ್ಲಿ ಬೇಲಿ ದಾಟಲು ಹತ್ತುಮೆಟ್ಟಿಲು ಸಾಕು. ಕುದುರೆದಾರಿಗೆ ಗೇಟು ಬೇಕು, ಅದರ ಅಗಲ ಕನಿಷ್ಠ ಐದು ಅಡಿ ಇರಬೇಕೆಂದು ಕಾನೂನಿದೆ. ಸವಾರ ಇಳಿಯದೆ ತೆರೆದು ಮುಚ್ಚುವಂತೆ ಚಿಲಕದ ಹಿಡಿ ಎತ್ತರವಾಗಿರಬೇಕು. ಕುದುರೆ ತಿರುಗಿ ನಿಲ್ಲಲು ಗೇಟಿನ ಎರಡೂ ಕಡೆ ಜಾಗವಿರಬೇಕು. ಗೇಟು ತಾನಾಗಿ ರಭಸದಿಂದ ಮುಚ್ಚಿಕೊಂಡರೆ ಕುದುರೆ ಬೆದರುತ್ತದೆ, ಮುಚ್ಚದೆ ಉಳಿದರೆ ರೈತನ ಕುರಿಗಳು ಹೊರಗೆ ಹೋಗುತ್ತವೆ. ಸವಾರರ ಮತ್ತು ರೈತರ ನಂಬಿಕೆ ಬಹುಮಟ್ಟಿಗೆ ಈ ಒಂದು ಗೇಟಿನ ಮೇಲೆ ನಿಂತಿದೆ.

ಉಳುವ ಹೊಲದ ನಡುವೆ ಹಾಯುವ ದಾರಿಯ ವಿಷಯದಲ್ಲಿ 1990ರ ಕಾಯಿದೆ ಎರಡೂ ಕಡೆಯವರಿಗೆ ಲೆಕ್ಕ ಹಾಕಿಕೊಟ್ಟಿತು. ರೈತ ಉಳಬಹುದು, ಆದರೆ ಬಿತ್ತನೆಗೆಂದು ಮೊದಲ ಬಾರಿ ಉತ್ತ ಹದಿನಾಲ್ಕು ದಿನಗಳೊಳಗೆ ಕುದುರೆದಾರಿಯನ್ನು ಕನಿಷ್ಠ ಎರಡು ಮೀಟರ್ ಅಗಲಕ್ಕೆ ಮತ್ತೆ ಸರಿಪಡಿಸಬೇಕು. ಹೊಲದ ಅಂಚಿನ ಕುದುರೆದಾರಿಯನ್ನು ಉಳುವಂತೆಯೇ ಇಲ್ಲ, ಅಲ್ಲಿ ಮೂರು ಮೀಟರ್ ಬಿಡಬೇಕು.

ಹೊಳೆಗಳಿಗೆ ಕುದುರೆಯ ಭಾರ ತಾಳುವ, ಗೊರಸು ಜಾರದ ಸೇತುವೆ ಬೇಕು. ಪೆನ್ನೈನ್ ಬ್ರೈಡಲ್‌ವೇಗಾಗಿ ರಿಬ್ಬಲ್ ನದಿಯ ಮೇಲೆ ಫಾರ್ ಮೂರ್‌ನಲ್ಲಿ ಅಂಥದ್ದನ್ನು ಹೊಸದಾಗಿ ಕಟ್ಟಿದರು. ವಾಹನ ದಟ್ಟಣೆಯ ರಸ್ತೆ ದಾಟಲು ಇಂಗ್ಲೆಂಡಿನಲ್ಲಿ ‘ಪೆಗಸಸ್’ ದಾಟುಗಳಿವೆ. ಕುದುರೆಯ ಮೇಲೆ ಕೂತೇ ಒತ್ತಲು ಸಿಗುವಂತೆ ಸಿಗ್ನಲ್ಲಿನ ಗುಂಡಿಯನ್ನು ಸುಮಾರು ಎರಡು ಮೀಟರ್ ಎತ್ತರದಲ್ಲಿ ಇಟ್ಟಿರುತ್ತಾರೆ.

ದಾಖಲೆಗಳ ಹುಡುಕಾಟ

ಹೊಸ ದಾರಿ ಕಟ್ಟುವುದರ ಜೊತೆಗೆ, ನಕ್ಷೆಯಿಂದ ಬಿಟ್ಟುಹೋದ ಹಳೆಯದನ್ನು ಮರಳಿ ಸೇರಿಸುವ ಕೆಲಸವೂ ನಡೆಯಿತು. 2000ನೇ ಇಸವಿಯ ಗ್ರಾಮಾಂತರ ಮತ್ತು ದಾರಿಹಕ್ಕುಗಳ ಕಾಯಿದೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು. ಸವಾರರು, ನಡೆಯುವವರು, ಭೂಮಾಲೀಕರು ಒಟ್ಟಿಗೆ ಕೂರುವ ಸ್ಥಳೀಯ ವೇದಿಕೆಗಳನ್ನು ರಚಿಸಲು ಅದು ಆದೇಶಿಸಿತು. ದಾರಿಗಳ ಸುಧಾರಣೆಗೆ ಯೋಜನೆ ತಯಾರಿಸುವುದನ್ನು ಕೌನ್ಸಿಲ್‌ಗಳ ಕರ್ತವ್ಯವಾಗಿಸಿತು. ಅದೇ ಕಾಯಿದೆ, 1949ಕ್ಕೂ ಹಿಂದಿನ ದಾರಿಗಳು 2026ರ ಜನವರಿ 1ರೊಳಗೆ ದಾಖಲಾಗದಿದ್ದರೆ ಅವುಗಳ ಹಕ್ಕು ಅಳಿಯುತ್ತದೆ ಎಂದೂ ಹೇಳಿತು. ಎಂದೆಂದಿಗೂ ಸಾರ್ವಜನಿಕ ಎಂಬ ಹಳೆಯ ತತ್ತ್ವಕ್ಕೇ ಕೊನೆಯ ದಿನಾಂಕ ಬಿದ್ದಂತಾಯಿತು.

ಬ್ರಿಟಿಷ್ ಹಾರ್ಸ್ ಸೊಸೈಟಿ ‘ಪ್ರಾಜೆಕ್ಟ್ 2026’ ಎಂಬ ಹೆಸರಿನಲ್ಲಿ ಸ್ವಯಂಸೇವಕರನ್ನು ಕಲೆಹಾಕಿ ತರಬೇತಿ ಕೊಟ್ಟಿತು. ನಿವೃತ್ತರು, ಗೃಹಿಣಿಯರು, ಕುದುರೆ ಸಾಕುವವರು ದಫ್ತರಖಾನೆಗಳಿಗೆ ಹೋಗಿ ಹಳೆಯ ಕಡತಗಳನ್ನು ಬಿಚ್ಚಿದರು. ಅವರು ಮೊದಲು ನೋಡುವುದು ಬೇಲಿ ಕಾಯಿದೆಯ ತೀರ್ಪುಪತ್ರವನ್ನು. ನಂತರ 1836ರ ದಶಮಾಂಶ ತೆರಿಗೆ ಕಾಯಿದೆಯ ನಕ್ಷೆಗಳು, ರೈಲು ಕಂಪನಿಗಳು ಹಳಿ ಹಾಕುವ ಮುನ್ನ ಸಲ್ಲಿಸಿದ ಯೋಜನೆಗಳು, ಹಳೆಯ ಆರ್ಡ್‌ನೆನ್ಸ್ ಸರ್ವೆ ಹಾಳೆಗಳು. 1910ರ ಹಣಕಾಸು ಕಾಯಿದೆಯ ನಕ್ಷೆಗಳಿಗೆ ವಿಶೇಷ ಬೆಲೆಯಿದೆ. ಆಗ ತೆರಿಗೆಗಾಗಿ ಪ್ರತಿಯೊಂದು ಜಮೀನಿಗೂ ಬಣ್ಣ ಬಳಿದು ಅಳೆದಿದ್ದರು. ಸಾರ್ವಜನಿಕ ರಸ್ತೆಗೆ ತೆರಿಗೆಯಿಲ್ಲದ್ದರಿಂದ ಅದನ್ನು ಬಣ್ಣವಿಲ್ಲದೆ ಬಿಟ್ಟರು. ಬಣ್ಣದ ಜಮೀನುಗಳ ನಡುವೆ ಬಿಳಿಯಾಗಿ ಉಳಿದ ಪಟ್ಟಿ, ಅದು ಸಾರ್ವಜನಿಕ ದಾರಿಯಾಗಿದ್ದಿರಬಹುದು ಎಂಬುದಕ್ಕೆ ಬಲವಾದ ಸಾಕ್ಷಿ. ಒಂದೇ ಕಾಗದದಿಂದ ದಾರಿ ಸಾಬೀತಾಗುವುದು ಅಪರೂಪ. ನಾಲ್ಕಾರು ದಾಖಲೆಗಳು ಒಂದೇ ಮಾತು ಹೇಳಿದಾಗ ಕೌನ್ಸಿಲ್ ಆದೇಶ ಹೊರಡಿಸುತ್ತದೆ. ಆಕ್ಷೇಪಣೆ ಬಂದರೆ ವಿಚಾರಣಾಧಿಕಾರಿ ತೀರ್ಮಾನಿಸುತ್ತಾರೆ.

ಅರ್ಜಿಗಳು ರಾಶಿಬಿದ್ದವು, ಕೌನ್ಸಿಲ್‌ಗಳಲ್ಲಿ ಸಿಬ್ಬಂದಿ ಕಡಿಮೆಯಿತ್ತು. ಗಡುವನ್ನು ರದ್ದುಮಾಡುವುದಾಗಿ 2022ರಲ್ಲಿ ಹೇಳಿದ ಸರ್ಕಾರ 2023ರಲ್ಲಿ ಮಾತು ಬದಲಿಸಿ ಅದನ್ನು 2031ಕ್ಕೆ ಮುಂದೂಡಿತು. 2024ರ ಡಿಸೆಂಬರಿನಲ್ಲಿ ಮುಂದಿನ ಸರ್ಕಾರ ಗಡುವನ್ನು ತೆಗೆದುಹಾಕುವುದಾಗಿ ಮತ್ತೆ ಪ್ರಕಟಿಸಿತು. ಸವಾರರ, ನಡೆಯುವವರ ಸಂಘಗಳು ಇಟ್ಟ ಬೇಡಿಕೆಗೆ ಸಿಕ್ಕ ಫಲವಿದು.

ಕುದುರೆದಾರಿಗಳ ಚರಿತ್ರೆಯಲ್ಲಿ ಬಳಕೆ, ದಾಖಲೆ, ಒಪ್ಪಂದ ಎಂಬ ಮೂರೂ ಹೆಣೆದುಕೊಂಡಿವೆ. ಬಳಕೆ ನಿಂತಾಗ ದಾರಿ ಜನರ ನೆನಪಿನಿಂದ ಜಾರಿತು, ದಾಖಲೆ ತಪ್ಪಿದಾಗ ಹಕ್ಕು ಕೈತಪ್ಪಿತು. ಕಾನೂನು ಹಕ್ಕನ್ನು ಉಳಿಸಬಲ್ಲದು, ಆದರೆ ಗೇಟು ಕೂರಿಸಲು, ಮುಳ್ಳು ಸವರಲು, ಪಕ್ಕದ ಹೊಲದವನನ್ನು ಒಪ್ಪಿಸಲು ಊರಿನವರೇ ಬೇಕು. ಊರಿನವರ ಉತ್ಸಾಹ ಜಿಲ್ಲೆಗಳ ಗಡಿ ದಾಟಿ ಉದ್ದದ ದಾರಿಯಾಗಬೇಕಾದರೆ ಉದ್ಯಾನ ಮಂಡಳಿಗಳ ಮತ್ತು ಕೌನ್ಸಿಲ್‌ಗಳ ಅಧಿಕಾರವೂ ಹಣವೂ ಬೇಕು. ಪೀಕ್ ಡಿಸ್ಟ್ರಿಕ್ಟಿನ ಹಳಿದಾರಿಗಳೂ ಪೆನ್ನೈನ್ ಬ್ರೈಡಲ್‌ವೇಯೂ ಈ ಎರಡು ಶಕ್ತಿಗಳು ಕೂಡಿದಲ್ಲಿ ಹುಟ್ಟಿದವು. ನಕ್ಷೆಯಲ್ಲಿ ಇನ್ನೂ ತುಂಡಾಗಿ ಉಳಿದಿರುವ ದಾರಿಗಳನ್ನು ಜೋಡಿಸುವ ಕೆಲಸ ಇಂದಿಗೂ ಇದೇ ಕ್ರಮದಲ್ಲಿ ಕೌಂಟಿ ಕೌಂಟಿಗಳಲ್ಲಿ ಮುಂದುವರಿದಿದೆ.